ಕೆಂಪರಾಜಣ್ಣನಿಗೆ ಒಗ್ಗುವ ಮೌಸು

ಕೊಂಡುಹೋದ ಮೌಸನ್ನು ವಾಪಸ್ ತರುವ ಗಿರಾಕಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೊಡ್ಡಬಳ್ಳಾಪುರದಲ್ಲಿ ನನ್ನದು ಕಂಪ್ಯೂಟರ್ ಸಾಮಾನಿನ ಅಂಗಡಿ. ಡಬ್ಬಿ ಒಡೆದ ಮೇಲೆ ಅದನ್ನು ಇನ್ಯಾರ ತಲೆಗೆ ಕಟ್ಟಲಿ? ಆದರೆ ಕೆಂಪರಾಜಣ್ಣನ ಮೇಲೆ ಮಾತ್ರ ರೇಗಲು ನನ್ನ ಕೈಲಾಗುತ್ತಿರಲಿಲ್ಲ.

ಅವರು ರಾಜಘಟ್ಟದ ರೈತರ ಮನೆಯವರು. ಇಲ್ಲಿಗೆ ಬಂದು ರೇಷ್ಮೆ ಸೀರೆಗೆ ಡಿಸೈನು ಬರೆಯುವುದನ್ನು ಕಲಿತರು. ಮೊದಲೆಲ್ಲ ಗ್ರಾಫ್ ಹಾಳೆಯಲ್ಲಿ ಒಂದೊಂದೇ ಚೌಕದ ಮನೆಗೆ ಬಣ್ಣ ತುಂಬಿ ಗಿಳಿ, ನವಿಲು, ಮಾವಿನಕಾಯಿ ಎಬ್ಬಿಸುತ್ತಿದ್ದರು. ಆಮೇಲೆ ಅದೇ ಕೆಲಸ ಲ್ಯಾಪ್‌ಟಾಪಿಗೆ ಬಂತು. ಆ ಪುಟ್ಟ ಮನೆಗಳಲ್ಲಿ ಒಂದು ತಪ್ಪಿದರೂ ಮಗ್ಗದಲ್ಲಿ ಸೀರೆಯುದ್ದಕ್ಕೂ ಅದೇ ತಪ್ಪು ಬೀಳುತ್ತದೆ. ನನ್ನ ಹೆಂಡತಿಯ ಮದುವೆ ಸೀರೆಯ ಸೆರಗೂ ಅವರು ಬರೆದದ್ದೇ.

ಈ ವರ್ಷ ಅವರಿಗೆ ಯಾವ ಮೌಸೂ ಹಿಡಿಸಲಿಲ್ಲ. ವೈರು ಅಡ್ಡ ಬರುತ್ತದೆಂದು ವೈರ್‌ಲೆಸ್ ಒಯ್ದರು. ಪರದೆಯ ಮೇಲೆ ಬಾಣದ ಗುರುತು ನಡುಗುತ್ತದೆಂದು ಅದನ್ನು ಬಿಟ್ಟು ಬ್ಲೂಟೂತಿನದು ಒಯ್ದರು. ಅದೂ ವಾಪಸ್ ಬಂತು. ಗೋಡೆಯಾಚೆ ಪವರ್‌ಲೂಮ್ ಓಡುತ್ತದೆ, ಅದರ ಅದುರಾಟಕ್ಕೆ ಟೇಬಲ್ಲೇ ಕುಣಿಯುತ್ತದೆ, ಅದಕ್ಕೆ ಜಗ್ಗದ ಮೌಸು ಬೇಕು ಎಂದರು. ನಾನೂ ನಂಬಿದೆ. ಮಗ್ಗದ ಬೀದಿಗಳಲ್ಲಿ ತಟ್ಟೆ ಲೋಟಗಳೂ ಅದುರುತ್ತವೆ.

ಮೊನ್ನೆ ಲ್ಯಾಪ್‌ಟಾಪ್ ಸಮೇತ ಮತ್ತೆ ಬಂದರು, ಜೊತೆಗೆ ಹೆಂಡತಿ ಅಮ್ಮಯಮ್ಮ. ನನಗೂ ತಾಳ್ಮೆ ಕೆಟ್ಟಿತ್ತು. ಇಲ್ಲಿ ಯಾವ ಮಗ್ಗವೂ ಇಲ್ಲವಲ್ಲ, ಇಲ್ಲೇ ಕೂತು ನೋಡಿ, ಒಗ್ಗಿದ್ದನ್ನು ಒಯ್ಯಿರಿ ಎಂದು ನಾಲ್ಕಾರು ಮೌಸು ಮುಂದಿಟ್ಟೆ.

ಅರ್ಧ ಬರೆದ ಗಿಳಿಯೊಂದನ್ನು ತೆರೆದರು. ಕೊಕ್ಕಿನ ತುದಿಗೆ ಕೆಂಪು ಹಾಕಬೇಕಿತ್ತು. ಬಾಣ ನಡುಗಿ, ಬಣ್ಣ ಪಕ್ಕದ ಮನೆಗೆ ಬಿತ್ತು. ಅಳಿಸಿ ಇನ್ನೊಂದು ಮೌಸು ಹಿಡಿದರು. ಮತ್ತೆ ಪಕ್ಕದ ಮನೆ. ಅಂಗಡಿಯಲ್ಲಿ ಅವರ ಬೆರಳು ಬಿಟ್ಟು ಬೇರೇನೂ ಅದುರುತ್ತಿರಲಿಲ್ಲ. ಅಮ್ಮಯಮ್ಮ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದರು. ಆಕೆಗೆ ಇದು ಮೊದಲೇ ಗೊತ್ತಿತ್ತು ಎಂದು ಆಗ ಹೊಳೆಯಿತು.

"ಇವೆಲ್ಲ ಡಬ್ಬಾ ಮಾಲು ಅಣ್ಣ. ಬೆಂಗಳೂರಿಂದ ಒಳ್ಳೇದು ತರಿಸ್ತೀನಿ" ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ.

"ಮೌಸು ಚೆನ್ನಾಗೇ ಇದೆ ಕಣಪ್ಪ" ಎಂದರು.

ಆಮೇಲೆ ಎದ್ದು ಹೆಂಡತಿಯನ್ನು ಆ ಕುರ್ಚಿಯಲ್ಲಿ ಕೂರಿಸಿದರು. ನನಗೇನು ಬರುತ್ತೆ ಎಂದು ಆಕೆ ಗೊಣಗಿದರೂ ಮೌಸು ಹಿಡಿದರು. ಇವರು ಹಿಂದೆ ನಿಂತು, ಎಡಕ್ಕೊಂದು ಮನೆ, ಮೇಲಕ್ಕೊಂದು, ಈಗ ಒತ್ತು ಎಂದು ಹೇಳಿಕೊಟ್ಟರು. ಆಕೆಯ ಅಂಗೈ ಚಿಕ್ಕದು, ಬೆರಳು ಗುಂಡಿಗೆ ಕಷ್ಟಪಟ್ಟು ನಿಲುಕಿತು. ಬಣ್ಣ ಸರಿಯಾದ ಮನೆಗೇ ಬಿತ್ತು.

ಕೆಂಪರಾಜಣ್ಣ ಆ ಮೌಸನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

"ಇವಳ ಕೈಗೆ ಇದು ದೊಡ್ಡದಾಯ್ತು, ನಾಸಿರ್. ಚಿಕ್ಕದೊಂದು ನೋಡು."