ಹಗ್ಗ ಕೊಡದೆ ಮಾರಿದ ಕಾರು

ಆ ದಿನ ನಮ್ಮಿಬ್ಬರನ್ನು ಕೊಲ್ಲಲು ಹೊರಟಿದ್ದು ಒಂದು ಕೌದಿ. ದೆವ್ವವಲ್ಲ, ಯಾರ ಕಣ್ಣೂ ಅಲ್ಲ. ಹಳೆ ಸೀರೆ ಮಡಿಸಿ ಹೊಲಿದ, ಮೊಳ ಅಗಲದ ಕೌದಿ. ಭದ್ರಾವತಿಯ ನಮ್ಮ ಓಲ್ಡ್ ಟೌನ್‌ನಲ್ಲಿ ಇವತ್ತಿಗೂ ಬೇರೆ ಬೇರೆ ಕತೆ ಕಟ್ಟುವವರಿದ್ದಾರೆ. ಕಟ್ಟಿಕೊಳ್ಳಲಿ. ಕಾರಿನೊಳಗೆ ಕೂತಿದ್ದವಳು ನಾನು.

ಕಾರು ಕೊಂಡವಳು ನನ್ನ ಮೊಮ್ಮಗಳು. ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಅವಳಿಗೆ ಕೆಲಸ. ದಿನಾ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದಳು. ಕಾರು ಕೊಳ್ಳುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಎಂಥ ಕಾರು ಎಂದು ಗೊತ್ತಾದ ಮೇಲೆ ಎಲ್ಲರೂ ಬೇಡ ಎಂದರು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ನಿಲ್ಲುವ ಕೆಂಪು ಸ್ಪೋರ್ಟ್ಸ್ ಕಾರು. ಅದೂ ಅವಳು ಅಂಗನವಾಡಿಗೆ ಹೋಗುತ್ತಿದ್ದ ಕಾಲದ್ದು. ಅವಳು ಕೂಡಿಟ್ಟ ದುಡ್ಡಿಗೆ ಅಂಥ ಹೊಸ ಕಾರಿನ ಬಾಗಿಲು ಮಾತ್ರ ಬರುತ್ತಿತ್ತು.

"ಅದ್ರಲ್ಲಿ ಒಂದು ಅಕ್ಕಿ ಮೂಟೆ ಹಾಕಕ್ಕಾಗತ್ತೇನೆ?" ಎಂದು ನನ್ನ ಮಗ, ಅಂದರೆ ಅವಳ ಅಪ್ಪ ಕೇಳಿದ.

"ಅಕ್ಕಿ ಮೂಟೆ ನಿನ್ನ ಬೈಕಲ್ಲಿ ತಾ ಅಪ್ಪ. ಇದ್ರಲ್ಲಿ ನಾನು ಕೂತ್ಕೊಂಡು ಹೋಗ್ತೀನಿ."

ಅವನ ಚಿಂತೆ ಅದು. ನನ್ನದು ಬೇರೆ. ಹೆದ್ದಾರಿಯಲ್ಲಿ ಆಂಬುಲೆನ್ಸ್ ಕೂಗಿಕೊಂಡು ಹೋದಾಗಲೆಲ್ಲ ನಾನು ಈ ಹುಡುಗಿಗೆ ಫೋನ್ ಮಾಡುತ್ತಿದ್ದೆ. ಅವಳು ಎತ್ತುವಷ್ಟರಲ್ಲಿ ಒಲೆಯ ಮೇಲಿದ್ದದ್ದು ಸೀದು ಹೋಗಿರುತ್ತಿತ್ತು. ಸ್ಕೂಟರಿಗೇ ಹೀಗೆ. ಓಡುವುದಕ್ಕೆಂದೇ ಮಾಡಿದ ಗಾಡಿ ಕೈಗೆ ಸಿಕ್ಕರೆ ಇವಳು ಉಳಿಯುತ್ತಾಳೆಯೇ ಎಂಬ ಯೋಚನೆ ಬಿಡಲಿಲ್ಲ. ಬೇಡ ಎಂದರೆ ಕೇಳುವವಳಲ್ಲ. ಆದ್ದರಿಂದ ನಾನೂ ನೋಡಲು ಬರುತ್ತೇನೆ ಎಂದೆ.

"ಕಾರಲ್ಲಿ ನೀನೇನು ನೋಡ್ತೀಯ ಅಜ್ಜಿ?"

"ಮಾರೋರ ಮುಖ ನೋಡ್ತೀನಿ."

ಮಾರುವವರ ಮನೆ ಶಿವಮೊಗ್ಗದ ಕೋಟೆಯ ಹತ್ತಿರ ಒಂದು ಓಣಿಯಲ್ಲಿ. ಶೀಟಿನ ಮಾಡಿನ ಕೆಳಗೆ ಟಾರ್ಪಾಲು ಹೊದ್ದು ನಿಂತಿತ್ತು ಕಾರು. ಮೊಮ್ಮಗಳು ನಮ್ಮ ಕಡೆಯ ಮೆಕ್ಯಾನಿಕ್ ಒಬ್ಬನನ್ನು ಕರೆತಂದಿದ್ದಳು. ಅವನು ಅಡಿಗೆ ತೂರಿ ಹೊರಗೆ ಬಂದು, ಎಂಜಿನ್ ಚೆನ್ನಾಗಿದೆ, ಬ್ರೇಕ್ ಎಲ್ಲ ಹೊಸದಾಗಿ ಹಾಕಬೇಕು, ಟೈರು ಒಣಗಿದೆ ಎಂದ. ನಾನೂ ಬಗ್ಗಿ ನೋಡಿದೆ. ಟೈರಿನ ಪಕ್ಕೆಯೆಲ್ಲ ನನ್ನ ಹಿಮ್ಮಡಿಯ ಹಾಗೆ ಬಿರಿದಿತ್ತು. ಮೊಮ್ಮಗಳು ರಿಪೇರಿಗೂ ದುಡ್ಡು ಎತ್ತಿಟ್ಟಿದ್ದಳು. ಆದರೂ ಆ ಖರ್ಚಿನಷ್ಟು ಬೆಲೆ ಇಳಿಸಿ ಕೇಳಿದಳು, ಅವರೂ ಒಪ್ಪಿದರು. ಇಷ್ಟು ಬೇಗ ಒಪ್ಪಿದ್ದು ನನಗೆ ಸರಿ ಕಾಣಲಿಲ್ಲ.

"ಯಾಕಪ್ಪ ಮಾರ್ತಿದೀಯ?" ಎಂದು ಕಾರಿನ ಯಜಮಾನನನ್ನು ಕೇಳಿದೆ.

"ಸೊಂಟ ನೋವು ಅಜ್ಜಿ. ಹತ್ತೋದು ಸುಲಭ, ಇಳಿಯೋದೇ ಕಷ್ಟ."

ಅಷ್ಟರಲ್ಲಿ ಎದುರು ಮನೆಯ ಹೆಂಗಸು ಗೇಟಿನ ಮೇಲಿಂದ, "ವರ್ಷದಿಂದ ನಿಂತಿತ್ತು. ಬಂದೋರೆಲ್ಲ ನೋಡಿ ಹೋದ್ರು, ಒಬ್ರೂ ಒಯ್ಯಲಿಲ್ಲ" ಎಂದಳು. ಯಜಮಾನನ ತಾಯಿ, ನನ್ನ ವಯಸ್ಸಿನವಳೇ, ಜಗುಲಿಯ ಮೇಲೆ ಕೂತಿದ್ದಳು. ಹತ್ತಿರ ಹೋಗಿ ನೇರ ಕೇಳಿದೆ.

"ಇದ್ರಲ್ಲಿ ಯಾರಾದ್ರೂ ಸತ್ತಿದಾರಾ?"

"ಇಲ್ಲ ಮಾರಾಯ್ತಿ. ನನ್ನ ಸೊಸೆಗೆ ಅದನ್ನ ಕಂಡ್ರಾಗಲ್ಲ, ಅಷ್ಟೇ. ಅವಳಿಗೆ ನನ್ನ ಕಂಡ್ರೂ ಆಗಲ್ಲ. ನನ್ನ ಮಾರಕ್ಕಾಗಲ್ವಲ್ಲ."

ಆ ಮುಖದಲ್ಲಿ ಸುಳ್ಳಿರಲಿಲ್ಲ. ಆದರೂ ಭಯ ಇಳಿಯಲಿಲ್ಲ.

ಮೆಕ್ಯಾನಿಕ್ ಅಲ್ಲೇ ಬ್ರೇಕು, ಟೈರು ಎಲ್ಲ ಹೊಸದಾಗಿ ಹಾಕಿದ ಮೇಲೆ ಕಾರು ತರಲು ಮತ್ತೆ ಹೋದೆವು. ಮೊಮ್ಮಗಳು ಒಳಗೆ ಕಾಗದಗಳಿಗೆ ಸಹಿ ಮಾಡಿಸುತ್ತಿದ್ದಳು. ಆಗ ಆ ಮುದುಕಿ ಕಾರಿನ ಬಾಗಿಲು ತೆಗೆದು, ಓಡಿಸುವವರ ಕಾಲಡಿಯ ರಬ್ಬರ್ ಮ್ಯಾಟನ್ನು ಕಿತ್ತು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಇದು ನಮ್ಮನೆ ಹಗ್ಗ. ಇದನ್ನ ಕೊಡಲ್ಲ" ಎಂದಳು.

ನನಗೆ ಅರ್ಥವಾಯಿತು. ನಮ್ಮಲ್ಲಿ ಹಸು ಮಾರಿದರೆ ಕಟ್ಟಿದ್ದ ಹಗ್ಗ ಕೊಡುವುದಿಲ್ಲ. ಹಗ್ಗ ಹೋದರೆ ಕೊಟ್ಟಿಗೆಯ ಲಕ್ಷ್ಮಿಯೂ ಹಿಂದೆ ಹೋಗುತ್ತಾಳೆ. ಕೊಳ್ಳುವವರು ತಮ್ಮ ಹಗ್ಗ ತಾವೇ ತಂದು ಹಿಡಿದುಕೊಂಡು ಹೋಗಬೇಕು. ಕಾರಿಗೆ ಹಗ್ಗ ಎಲ್ಲಿ? ಅವಳಿಗೆ ಮ್ಯಾಟ್ ಕಂಡಿತು. "ಬರಿ ನೆಲದಲ್ಲಿ ಕಳಿಸಬಾರದು" ಎಂದು ತಾನು ಕೂರುತ್ತಿದ್ದ ಕೌದಿ ತಂದು ಆ ಜಾಗದಲ್ಲಿ ಹಾಸಿದಳು. ದೊಡ್ಡ ಮನಸ್ಸು ಎಂದುಕೊಂಡೆ.

"ಏನಜ್ಜಿ ಇದು, ಕಾಲಡಿ ಮೆತ್ತಗಿದೆ?" ಎಂದಳು ಮೊಮ್ಮಗಳು.

"ಅವ್ರ ಮನೆ ಮರ್ಯಾದೆ. ಇರ್ಲಿ ಬಿಡು."

ತುಂಗೆಯ ಸೇತುವೆ ದಾಟುವವರೆಗೂ ನಾನು ಬಾಗಿಲಿನ ಹಿಡಿ ಬಿಡಲಿಲ್ಲ. ಅಷ್ಟು ತಗ್ಗಿನಲ್ಲಿ ಕೂತರೆ ಲಾರಿಯ ಚಕ್ರ ನಮ್ಮ ಮುಖದ ಎತ್ತರಕ್ಕೆ ಉರುಳುತ್ತದೆ. ಪಕ್ಕದಲ್ಲಿ ಬಸ್ಸು ಬಂದರೆ ಗೋಡೆಯೇ ನಡೆದು ಬಂದ ಹಾಗೆ.

"ಸ್ವಲ್ಪ ಜೋರಾಗಿ ಬಿಡ್ಲಾ ಅಜ್ಜಿ?"

"ಬಿಟ್ರೆ ಇಳ್ದು ಹೋಗ್ತೀನಿ."

"ಎಲ್ಲಿ ಇಳೀತೀಯ? ನಿನ್ನ ಎತ್ತಕ್ಕೆ ಇಬ್ರು ಬೇಕು."

ಸೋಗಾನೆಯ ತಿರುವು ಕಳೆದ ಮೇಲೆ ಮುಂದೆ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಸಿಕ್ಕಿತು. ಅದನ್ನು ಹಿಂದೆ ಹಾಕಲು ಅವಳು ಕಾಲು ಪೂರ್ತಿ ಒತ್ತಿದಳು. ಬೆನ್ನು ಸೀಟಿಗೆ ಅಂಟಿತು. ಟ್ರ್ಯಾಕ್ಟರ್ ಹಿಂದೆ ಉಳಿಯಿತು. ಕಾರಿನ ಓಟ ಮಾತ್ರ ಕಡಿಮೆಯಾಗಲಿಲ್ಲ.

"ಅಜ್ಜಿ, ಕಾಲು ತೆಗ್ದಿದೀನಿ. ನಿಲ್ತಾ ಇಲ್ಲ."

ಮೆಲ್ಲಗೆ ಹೇಳಿದಳು. ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಮುಂದೆ ಒಂದು ಬಸ್ಸು ಜನ ಇಳಿಸುತ್ತ ನಿಂತಿತ್ತು, ಅದರ ಹಿಂಭಾಗ ದೊಡ್ಡದಾಗುತ್ತ ಬಂತು. ಅವಳು ಬ್ರೇಕ್ ತುಳಿದಳು. ಅದು ಅರ್ಧಕ್ಕೇ ನಿಂತಿತು. ಗೇರನ್ನು ನ್ಯೂಟ್ರಲ್‌ಗೆ ಎಳೆದಳು. ಎಂಜಿನ್ನು ಮರ ಕೊಯ್ಯುವ ಗರಗಸದ ಹಾಗೆ ಕಿರುಚಿತು. ನನ್ನ ಬಾಯಿಗೆ ಯಾವ ದೇವರ ಹೆಸರೂ ಬರಲಿಲ್ಲ. ಕೈ ಚಾಚಿ ಅವಳ ಎದೆಗೆ ಅಡ್ಡ ಹಿಡಿದೆ, ಅದರಿಂದ ಏನು ತಡೆದ ಹಾಗಾಗುತ್ತದೋ. ಕಾರು ರಸ್ತೆ ಬಿಟ್ಟು ಮಣ್ಣಿಗಿಳಿಯಿತು, ಅವಳು ಕೈಬ್ರೇಕ್ ಎಳೆದು ಕೀ ತಿರುಗಿಸಿದಳು. ಧೂಳು ಇಳಿದಾಗ ಮುಂದೆ ಒಂದು ಕಬ್ಬಿನ ಹಾಲಿನ ಗಾಡಿ. ಅದರವನು ಕೈಯಲ್ಲಿ ಕಬ್ಬು ಹಿಡಿದು ಹಾಗೇ ನಿಂತಿದ್ದ. ಕಾರಿಗೂ ಅವನಿಗೂ ನಡುವೆ ಒಂದು ಗೇಣು.

ಜನ ಸೇರಿದರು. ನನ್ನನ್ನು ಎತ್ತಲು ನಿಜವಾಗಿಯೂ ಇಬ್ಬರು ಬೇಕಾದರು. "ಈ ಕೆಂಪು ಗಾಡಿ ನಿಮ್ಗಾಗಲ್ಲ ಕಣಮ್ಮ, ಮೊದ್ಲು ಒಂದು ಬೂದುಗುಂಬಳ ಒಡೀರಿ" ಎಂದ ಕಬ್ಬಿನವನು. ಮೆಕ್ಯಾನಿಕ್ ಬಂದ, ಎಲ್ಲ ಬಿಚ್ಚಿ ನೋಡಿದ, ಹಾಕಿದ, ಕಾಲಡಿಯ ಕೌದಿಯನ್ನು ಪಕ್ಕಕ್ಕೆ ಒದ್ದು ತಾನೇ ಮೆಲ್ಲಗೆ ಓಡಿಸಿಕೊಂಡು ಮನೆಗೆ ತಂದ.

"ಇದಕ್ಕೇನೂ ಆಗಿಲ್ಲ ಅಜ್ಜಿ. ಎಲ್ಲ ಸರಿ ಇದೆ."

ಏನೋ ಮುರಿದಿದೆ ಎಂದಿದ್ದರೆ ಸಮಾಧಾನವಾಗುತ್ತಿತ್ತು. ಎಲ್ಲ ಸರಿ ಇದ್ದೂ ಹಾಗೆ ಓಡಿತು ಎಂದರೆ ಅದನ್ನು ಓಡಿಸಿದ್ದು ಯಾರು? ಮನೆಯಲ್ಲಿ ಎಲ್ಲರ ಮುಖದಲ್ಲೂ ಅದೇ ಪ್ರಶ್ನೆ ಇತ್ತು. ಮಗ ಗುಜರಿಯವನಿಗೆ ಫೋನ್ ಮಾಡಿ, ಬೆಳಿಗ್ಗೆ ಬಂದು ಎಳೆದುಕೊಂಡು ಹೋಗು ಎಂದ. ಮೊಮ್ಮಗಳು ಜಗಳಕ್ಕೆ ನಿಲ್ಲಲಿಲ್ಲ. ಕೀ ತಂದು ದೇವರ ಗೂಡಿನಲ್ಲಿಟ್ಟಳು. ನಾಳೆಯಿಂದ ಬಸ್ಸಿನಲ್ಲೇ ಹೋಗುತ್ತೇನೆ, ಸ್ಕೂಟರೂ ಬೇಡ ಎಂದಳು. ಇಷ್ಟು ವರ್ಷ ನಾನೊಬ್ಬಳೇ ಹೆದರುತ್ತಿದ್ದೆ, ಅವಳು ನಗುತ್ತಿದ್ದಳು. ಈಗ ನನ್ನ ಭಯ ಅವಳಿಗೆ ಅಂಟಿತ್ತು. ಅದು ನನಗೆ ಬೇಕಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಸೊಸೆ ಉಪ್ಪು ಮೆಣಸಿನಕಾಯಿ ಕೊಟ್ಟು, ಕಾರಿಗೆ ದೃಷ್ಟಿ ತೆಗೆದು ಬನ್ನಿ ಎಂದಳು. ಸೀಟಿಗೂ ಇಳಿ ತೆಗೆಯೋಣ ಎಂದು ಬಾಗಿಲು ತೆಗೆದೆ. ಕೌದಿ ಒಂದು ಮೂಲೆಗೆ ಸರಿದು, ಮಲಗಿದ ಬೆಕ್ಕಿನ ಹಾಗೆ ಮುದುಡಿಕೊಂಡಿತ್ತು. ಎತ್ತಿ ನೋಡಿದರೆ ಅದರ ಅಡಿಯಲ್ಲಿ ಕರ್ರಗೆ ಅಚ್ಚು, ಪೆಡಲಿನ ರಬ್ಬರಿನ ಗೆರೆ ಗೆರೆ. ಕೌದಿಯನ್ನು ಮುಂದಕ್ಕೆ ತಳ್ಳಿ, ಓಟ ಹೆಚ್ಚಿಸುವ ಪೆಡಲನ್ನು ಕೈಯಲ್ಲೇ ಒತ್ತಿದೆ. ಒತ್ತಿದ್ದು ಕೌದಿಯ ಮಡಿಕೆಗೆ ಸಿಕ್ಕಿಕೊಂಡು ಮೇಲೆ ಬರಲಿಲ್ಲ. ಕೌದಿ ಎಳೆದೆ, ಬಂತು. ಪಕ್ಕದ ಬ್ರೇಕಿನ ಅಡಿಗೆ ಮುದುಡಿ ಸೇರಿಸಿದೆ, ಅರ್ಧಕ್ಕೇ ನಿಂತಿತು. ಮೆಣಸಿನಕಾಯಿ ಅಡುಗೆ ಮನೆಗೆ ವಾಪಸ್ ಕೊಟ್ಟೆ.

"ಕೌದಿಯಿಂದ ಕಾರು ಓಡತ್ತೇನವ್ವ?" ಎಂದ ಮಗ. ಕರೆದುಕೊಂಡು ಹೋಗಿ ತೋರಿಸಿದೆ. ತಾನೂ ಒತ್ತಿ ನೋಡಿದ. ಆದರೆ ಗುಜರಿಯವನಿಗೆ ಬೇಡ ಎಂದು ಹೇಳಲಿಲ್ಲ. ಮೊಮ್ಮಗಳೂ ಬಗ್ಗಿ ನೋಡಿದಳು.

"ಗೊತ್ತಾಯ್ತು ಅಜ್ಜಿ. ಆದ್ರೂ ಕೀ ಮುಟ್ಟಕ್ಕೆ ಕೈ ಬರ್ತಿಲ್ಲ."

ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ ದನಕ್ಕೆ ಕಟ್ಟುವ ಹೊಸ ಹಗ್ಗ ತಂದೆ. ದೇವರ ಗೂಡಿನಿಂದ ಕೀ ತೆಗೆದುಕೊಂಡು, ಕೌದಿ ಮಡಿಸಿ ಹಗ್ಗದ ಜೊತೆ ಮಡಿಲಲ್ಲಿಟ್ಟುಕೊಂಡು, ಹೇಗೋ ಆ ತಗ್ಗಿನ ಸೀಟಿಗೆ ಇಳಿದು ಕೂತೆ. ಮೊಮ್ಮಗಳನ್ನು ಕೂಗಿದೆ.

"ನನ್ನ ಎತ್ತಕ್ಕೆ ಇಬ್ರು ಬೇಕು, ನಿಮ್ಮಪ್ಪ ಸ್ನಾನಕ್ಕೆ ಹೋಗಿದಾನೆ. ಗುಜರಿಯೋನು ನನ್ನನ್ನೂ ಸೇರ್ಸಿ ಒಯ್ತಾನೆ. ಬಾ, ಕೋಟೆಗೆ ಹೋಗಿ ಮ್ಯಾಟ್ ತರೋಣ."

ಅವಳು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದು, ಓಡಿಸುವ ಸೀಟಿನಲ್ಲಿ ಕೂತು, ಬರಿಗಾಲನ್ನು ಬರಿ ನೆಲದ ಮೇಲಿಟ್ಟಳು. ಮೆಲ್ಲಗೆ ಹೊರಟೆವು. ಹಿಂದಿನವರೆಲ್ಲ ಹಾರ್ನ್ ಹೊಡೆದು ಮುಂದೆ ಹೋದರು.

ಮ್ಯಾಟಿನ ಬದಲು ನಾನು ಚಾಚಿದ ಹಗ್ಗ ನೋಡಿ ಮುದುಕಿ ಅಡ್ಡಡ್ಡ ತಲೆಯಾಡಿಸಿದಳು. "ಇದು ಅಂಗಡಿ ಹಗ್ಗ ಮಾರಾಯ್ತಿ. ನಮ್ಮನೇಲಿ ಕಟ್ಟಿದ್ದಲ್ಲ."

ಅವಳು ಹೇಳಿದ್ದೂ ಸರಿಯೇ. ನಾನು ಹಗ್ಗದ ಒಂದು ತುದಿಯನ್ನು ಕಾರಿನ ಮುಂದಿನ ಕೊಕ್ಕೆಗೆ ಕಟ್ಟಿದೆ, ಇನ್ನೊಂದನ್ನು ಅವರ ಜಗುಲಿಯ ಕಂಬಕ್ಕೆ. "ಈಗ ನಿಮ್ಮನೇಲಿ ಕಟ್ಟಿದ್ದೇ ಆಯ್ತಲ್ಲ" ಎಂದೆ. ಅವಳು ಒಳಗೆ ಹೋಗಿ ಮ್ಯಾಟ್ ತರುವವರೆಗೂ ಕಾರು ಹಾಗೇ ಕಟ್ಟಿಹಾಕಿಕೊಂಡು ನಿಂತಿತ್ತು. ಬಂದು ತಾನೇ ಗಂಟು ಬಿಚ್ಚಿ ಹಗ್ಗ ಸುತ್ತಿಕೊಂಡಳು. ನಾನು ಕೌದಿ ಅವಳ ಕೈಗೆ ಕೊಟ್ಟು, ಬಗ್ಗಿ, ಮ್ಯಾಟು ಸರಿಯದ ಹಾಗೆ ಅದರ ತೂತನ್ನು ನೆಲದ ಗೂಟಕ್ಕೆ ಸಿಕ್ಕಿಸಿದೆ.