ಕರಡಿಗೆ ಕಾಲಂ ಇರಲಿಲ್ಲ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಶಾಲೆಯ ಮಕ್ಕಳೂ ಹೇಳುತ್ತಾರೆ. ಮಕ್ಕಳು ನನ್ನೆದುರಿಗೆ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಆ ಕೋಪವೇ ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ನನ್ನನ್ನು ಹಾಲಿನ ಡೇರಿಯ ಮುಂದೆ ತಂದು ನಿಲ್ಲಿಸಿತು. ನನಗೆ ಒಳ್ಳೆಯದು ಮಾಡಿದ ಕೋಪ ಅದೊಂದೇ ಇರಬೇಕು.

ಮಧುಗಿರಿಯಲ್ಲಿ ನಮ್ಮ ಮನೆ. ಮಿಡಿಗೇಶಿ ದಾಟಿ ಪಾವಗಡದ ಕಡೆಗೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ಏಳನೇ ತರಗತಿಯವರೆಗಿನ ಸರ್ಕಾರಿ ಶಾಲೆಯಿದೆ. ಅಲ್ಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮುಖ್ಯೋಪಾಧ್ಯಾಯಿನಿ ನಾನು. ಕೇಂದ್ರ ಸರ್ಕಾರದ ಅನುದಾನ ಬರಬೇಕಾದರೆ ನಮ್ಮಂಥ ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ಒಂದು ಯೋಜನೆ ಬರೆದು ಕೊಡಬೇಕು. ಶಾಲೆಗೆ ಏನು ಬೇಕು, ಯಾವ ಮಕ್ಕಳು ಹಿಂದೆ ಬಿದ್ದಿದ್ದಾರೆ, ಯಾಕೆ, ಅದಕ್ಕೇನು ಮಾಡುತ್ತೀರಿ ಎಂದೆಲ್ಲ ಅದರಲ್ಲಿ ಕೇಳಿರುತ್ತಾರೆ. ತಂದೆತಾಯಿಯರ ಸಮಿತಿಯ ಜೊತೆ ಕೂತು ಚರ್ಚಿಸಿಯೇ ಬರೆಯಬೇಕು ಅಂತ ಸುತ್ತೋಲೆಯಲ್ಲಿದೆ. ಇದೆ ಅನ್ನುವುದು ನನಗೂ ಚೆನ್ನಾಗಿ ಗೊತ್ತಿತ್ತು.

ನಾನು ಮಾಡುತ್ತಿದ್ದದ್ದು ಬೇರೆ. ಶನಿವಾರ ಶಾಲೆ ಬಿಟ್ಟ ಮೇಲೆ ಹಿಂದಿನ ವರ್ಷದ ಯೋಜನೆಯನ್ನು ಎದುರಿಗಿಟ್ಟುಕೊಂಡು, ಮಕ್ಕಳ ಸಂಖ್ಯೆಯನ್ನಷ್ಟು ತಿದ್ದಿ, ಉಳಿದದ್ದನ್ನು ನಕಲು ಮಾಡುತ್ತಿದ್ದೆ. 'ಸಭೆಯಲ್ಲಿ ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಎಂದು ನಡಾವಳಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಒಬ್ಬಳೇ ಕೂತು ಸರ್ವಾನುಮತಕ್ಕೆ ಬರುವುದು ಬಹಳ ಸುಲಭ. ಆಮೇಲೆ ನಮ್ಮ ಬಿಸಿಯೂಟದ ಅಡುಗೆಯಾಕೆ ಮನೆಗೆ ಹೋಗುವಾಗ ಆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ, ಸಮಿತಿಯವರಿಂದ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬರುತ್ತಿದ್ದಳು. ಮೇಡಂ ಕಳಿಸಿದ್ದಾರೆ ಅಂದರೆ ಯಾರೂ ಒಂದು ಮಾತು ಕೇಳುತ್ತಿರಲಿಲ್ಲ.

ಮೊದಮೊದಲು ಸಭೆ ಕರೆದಿದ್ದೆ, ಇಲ್ಲವೆನ್ನುವುದಿಲ್ಲ. ಹಗಲು ಹನ್ನೊಂದು ಗಂಟೆಗೆ ಕರೆದರೆ ಇಬ್ಬರು ಬಂದರು. ಅದರಲ್ಲಿ ಒಬ್ಬರು ಮಗನ ಟಿ.ಸಿ. ಕೇಳಲು ಬಂದವರು. ಆವತ್ತೇ ಸಿಟ್ಟು ಬಂದು, ಈ ಜನಕ್ಕೆ ಬೇಡವಾದರೆ ನನಗೇನು ಎಂದು ಕೈ ತೊಳೆದುಕೊಂಡಿದ್ದೆ.

ಆ ವರ್ಷವೂ ಜುಲೈ ತಿಂಗಳಲ್ಲಿ ಅಡುಗೆಯಾಕೆ ಪುಸ್ತಕ ಹಿಡಿದು ಹೋದಳು. ಸೋಮವಾರ ತಂದುಕೊಟ್ಟಾಗ ಒಂದು ಜಾಗ ಖಾಲಿ ಇತ್ತು.

"ಹಟ್ಟಿಯವ್ಳು ಒತ್ತಾಕಿಲ್ಲ ಅಂದ್ಬುಟ್ಳು ಮೇಡಂ. ಏನ್ ಬರ್ದವ್ರೆ ಅಂತ ಗೊತ್ತಾಗ್ದೆ ನಾನು ಹೆಬ್ಬೆಟ್ಟು ಕೊಡಾಕಿಲ್ಲ ಅಂದ್ಳು."

ಹಟ್ಟಿ ಎಂದರೆ ಊರ ಪಕ್ಕದ ಬೆಟ್ಟದ ಆ ಮಗ್ಗುಲಿಗಿರುವ ಹತ್ತು ಹನ್ನೆರಡು ಮನೆ. ಅಲ್ಲಿಂದ ಏಳು ಮಕ್ಕಳು ಬೆಟ್ಟದ ಬುಡದ ಕಾಲುದಾರಿಯಲ್ಲಿ ನಡೆದು ನಮ್ಮ ಶಾಲೆಗೆ ಬರುತ್ತಿದ್ದರು. ಹೆಬ್ಬೆಟ್ಟು ಕೊಡದ ಆ ಹೆಂಗಸಿನ ಮಗಳು ಐದನೇ ತರಗತಿಯಲ್ಲಿದ್ದಳು. ಆ ತರಗತಿಗೆಲ್ಲ ಅವಳೇ ಚೆನ್ನಾಗಿ ಓದುವವಳು. ಬಂದ ದಿನ ಓದುತ್ತಿದ್ದಳು ಅನ್ನಬೇಕು. ಹಟ್ಟಿಯ ಮಕ್ಕಳು ಸೆಪ್ಟೆಂಬರ್ ಬಂತೆಂದರೆ ವಾರಕ್ಕೆರಡು ದಿನ ಬರುವುದು, ನಾಲ್ಕು ದಿನ ಚಕ್ಕರ್ ಹೊಡೆಯುವುದು ವಾಡಿಕೆಯಾಗಿತ್ತು.

ಯೋಜನೆ ಕೊಡುವುದಕ್ಕೆ ಎರಡೇ ದಿನ ಉಳಿದಿತ್ತು. ನನಗೆ ರೇಗಿತು. ನಾನೆಂದೂ ಯಾರ ಹೆಬ್ಬೆಟ್ಟಿಗೂ ಕಾದವಳಲ್ಲ.

"ಬೆಳಿಗ್ಗೆ ಹಾಲು ಹಾಕಕ್ಕೆ ಡೇರಿಗೆ ಬರ್ತಾಳೆ. ಅಲ್ಲೇ ಹಿಡ್ಕಳಿ" ಎಂದಳು ಅಡುಗೆಯಾಕೆ.

ಮಾರನೇ ದಿನ ಮಧುಗಿರಿಯಿಂದ ಮೊದಲ ಬಸ್ಸು ಹಿಡಿದೆ. ಏನೇನು ಬಯ್ಯಬೇಕು ಎನ್ನುವುದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದೆ.

ಡೇರಿಯ ಮುಂದೆ ಇಳಿದಾಗ ಬಯ್ಗುಳವೆಲ್ಲ ಮರೆತೇಹೋಯಿತು. ಇಷ್ಟು ವರ್ಷ ಯಾರು ಯಾರು ಸಭೆಗೆ ಬರುವುದಿಲ್ಲ ಎಂದು ನಾನು ದೂರುತ್ತಿದ್ದೆನೋ ಅವರಷ್ಟೂ ಜನ ಅಲ್ಲಿದ್ದರು. ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಡಬ್ಬ, ತಂಬಿಗೆ ಹಿಡಿದು ಸಾಲಿನಲ್ಲಿ ನಿಂತು ಮಾತಾಡಿಕೊಂಡಿದ್ದರು. ಊರಿನ ಸಭೆ ದಿನಾ ಬೆಳಗ್ಗೆ ಇಲ್ಲಿ ನಡೆಯುತ್ತಿತ್ತು. ಕರೆಯದೇ ಇದ್ದದ್ದು ನನ್ನೊಬ್ಬಳನ್ನೇ.

ಹಟ್ಟಿಯಾಕೆ ತಲೆಯ ಮೇಲಿನ ಕ್ಯಾನು ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಪಕ್ಕದಲ್ಲಿ ಮಗಳೂ ಇದ್ದಳು.

"ಏನಮ್ಮ, ಹೆಬ್ಬೆಟ್ಟು ಒತ್ತಕ್ಕೆ ನಿನಗೇನು ಕಷ್ಟ?" ಎಂದೆ.

"ಕಷ್ಟ ಏನಿಲ್ಲ ಮೇಡಂ. ಓದಿ ಹೇಳಿ, ಒತ್ತೀನಿ. ನಂಗೆ ಓದಕ್ಕೆ ಬರಾಕಿಲ್ಲ, ಕಿವಿ ಐತೆ."

ಸಾಲಿನಲ್ಲಿದ್ದವರು ನಕ್ಕರು. ಇಬ್ಬರು ಮೂವರು ಹತ್ತಿರ ಬಂದರು. ಸರಿ, ಓದಿದರಾಯಿತು ಅಂತ ಪುಸ್ತಕದೊಳಗಿಟ್ಟಿದ್ದ ಯೋಜನೆಯ ಹಾಳೆಗಳನ್ನು ಬಿಚ್ಚಿದೆ. ಶೌಚಾಲಯದ ಬಾಗಿಲ ರಿಪೇರಿ, ಗ್ರಂಥಾಲಯಕ್ಕೆ ಪುಸ್ತಕ, ಆಟದ ಸಾಮಾನು, ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓದಿಕೊಂಡು ಹೋದೆ. ಮಕ್ಕಳ ಗೈರುಹಾಜರಿಗೆ ಕಾರಣ ಕೇಳಿದ್ದ ಜಾಗಕ್ಕೆ ಬಂದಾಗ ಓದು ನಿಲ್ಲಿಸಿದೆ. ಅಲ್ಲಿ ನನ್ನ ದುಂಡು ಅಕ್ಷರದಲ್ಲೇ ಬರೆದಿತ್ತು: 'ಹಟ್ಟಿಯ ಪೋಷಕರ ನಿರಾಸಕ್ತಿ.'

ಆ ಸಾಲು ಹಾರಿಸಿಬಿಡಬಹುದಿತ್ತು. ಅಷ್ಟರಲ್ಲಿ ನೋಡುತ್ತೇನೆ, ಆ ಹುಡುಗಿ ನನ್ನ ತೋಳಿನ ಹತ್ತಿರ ಕತ್ತು ಚಾಚಿ ನಾನು ಓದುತ್ತಿದ್ದ ಸಾಲನ್ನೇ ಓದುತ್ತಿದ್ದಾಳೆ. ಅವಳಿಗೆ ಅಕ್ಷರ ಕಲಿಸಿದವಳು ನಾನೇ. ಓದದೆ ಬೇರೆ ದಾರಿ ಇರಲಿಲ್ಲ, ಓದಿದೆ.

"ಅಂಗಂದ್ರೆ ಏನು?" ಎಂದಳು ತಾಯಿ.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಮೆಲ್ಲಗೆ ಹೇಳಿದಳು: "ನಮ್ಮನ್ನ ಓದಿಸಕ್ಕೆ ನಿಮ್ಗೆ ಮನಸ್ಸಿಲ್ಲ ಅಂತ ಕಣಮ್ಮ."

ಆಕೆ ಜಗಳ ಮಾಡಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ನಾನೂ ನಾಲ್ಕು ಮಾತಾಡಬಹುದಿತ್ತು. ಆಕೆ ಜಗಳವಾಡಲಿಲ್ಲ.

"ಮನ್ಸಿಲ್ದೆ ಅಲ್ಲ ಮೇಡಂ. ಕರಡಿ. ಸೀತಾಫಲ ಹಣ್ಣಾದ್ ಮೇಲೆ ಬೆಟ್ಟದಿಂದ ಇಳೀತವೆ. ಮಕ್ಳು ಬರೋ ಹಳ್ಳದ ದಾರೀಲೇ ಗಿಡ ಇರೋದು. ಹೋದ್ ವರ್ಷ ನಮ್ಮ ಮಾವನ್ನ ಅಲ್ಲೇ ಕೆಡವಿ ತಲೆ ಪರಚಾಕ್ತು, ಜೀವ ಉಳ್ದಿದ್ದೇ ಹೆಚ್ಚು. ಜತೆಗೆ ಒಬ್ರು ದೊಡ್ಡೋರು ಬರೋ ದಿನ ಮಕ್ಳನ್ನ ಕಳಿಸ್ತೀವಿ. ಕಳ್ಳೇಕಾಯಿ ಕೆಲ್ಸ ಇರೋ ದಿನ ಯಾರು ಬರ್ತಾರೆ?" ಮಗಳ ತಲೆಯ ಮೇಲೆ ಕೈಯಿಟ್ಟಳು. "ಈ ಸಲ ಸೀತಾಫಲದ ಹೊತ್ಗೆ ಏನೂ ದಾರಿ ಕಾಣ್ದಿದ್ರೆ ಇವ್ಳನ್ನ ಬುಡಿಸ್ಬುಡ್ತೀನಿ. ನಮ್ ಜತೆ ಕುರಿ ಹಿಂದೆ ಹೋದ್ರೆ ಜೀವವಾದ್ರೂ ಇರ್ತದೆ."

ಹುಡುಗಿ ನೆಲ ನೋಡುತ್ತಿದ್ದಳು. ಅವಳ ಮುಖ ನೋಡಿದಾಗ ನನಗೆ ಹಿಂದಿನ ವರ್ಷದ ಒಂದು ದಿನ ನೆನಪಾಯಿತು. ಮೂರು ದಿನ ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಅವಳು "ಕರಡಿ ಮಿಸ್" ಎಂದಿದ್ದಳು. "ಕರಡಿ ಕಥೆ ಒಂದನೇ ಕ್ಲಾಸಿನವರಿಗೆ ಹೇಳು" ಎಂದು ನಾನು ಇಡೀ ತರಗತಿಯನ್ನು ನಗಿಸಿ, ಅವಳನ್ನು ಬಾಗಿಲಲ್ಲಿ ನಿಲ್ಲಿಸಿದ್ದೆ.

"ಇದನ್ನ ನನಗೆ ಯಾರೂ ಹೇಳಲೇ ಇಲ್ಲವಲ್ಲ" ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

"ನೀವ್ ಯಾವತ್ತು ಕೇಳಿದ್ರಿ?" ಎಂದಳು ಆಕೆ. ಆ ದನಿಯಲ್ಲಿ ಕಟಕಿ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ನನಗೆ ನಾಚಿಕೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ, ಊರಿನವರೆದುರು ನನಗೆ ನಾಚಿಕೆಯಾಯಿತು. ಅಲ್ಲೇ ಡೇರಿಯವರ ಮೇಜಿನ ಮೇಲೆ ಹಾಳೆಗಳನ್ನು ಹರಡಿ ಮತ್ತೆ ಮೊದಲಿನಿಂದ ಓದಿದೆ. ಒಂದು ಪುಟದಲ್ಲಿ, ದೂರದ ಜನವಸತಿಗಳಿಂದ ನಡೆದು ಬರುವ ಮಕ್ಕಳ ಜೊತೆ ಒಬ್ಬ ದೊಡ್ಡವರು ಬರಲು ಬೆಂಗಾವಲು ಭತ್ಯೆ ಬೇಕೇ ಎಂದು ಕೇಳಿತ್ತು. ಅದರ ಮುಂದೆ ನಾನು ವರ್ಷಾ ವರ್ಷಾ 'ಅನ್ವಯಿಸುವುದಿಲ್ಲ' ಎಂದು ಬರೆಯುತ್ತ ಬಂದಿದ್ದೆ. ಇಂಥದ್ದೊಂದಿದೆ ಎಂದು ಓದಿ ಹೇಳಿದಾಗ ಹಾಲಿನ ಸಾಲು ಚದುರಿ ಎಲ್ಲ ಮೇಜಿನ ಸುತ್ತ ಬಂದರು. ದಾರಿ ಎಷ್ಟು ದೂರ, ಕರಡಿ ಎಲ್ಲೆಲ್ಲಿ ಕಂಡಿದೆ, ಯಾವ ಯಾವ ತಿಂಗಳು, ಅವರು ಹೇಳಿದರು, ನಾನು ಬರೆದೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ನಕಲು ಮಾಡದೆ ಬರೆದ ಮೊದಲನೇ ಯೋಜನೆ ಅದು. ದಾರಿಯಲ್ಲಿ ಅಡಚಣೆ ಏನು ಎನ್ನುವುದಕ್ಕೆ ಹಳ್ಳ, ರೈಲು ಹಳಿ, ಹೆದ್ದಾರಿ ಅಂತೆಲ್ಲ ಕಾಲಂ ಇದ್ದವು. ಕರಡಿಗೆ ಕಾಲಂ ಇರಲಿಲ್ಲ. 'ಇತರೆ' ಎಂಬಲ್ಲಿ ಬರೆದೆ.

ಆಕೆ ಹೆಬ್ಬೆಟ್ಟು ಒತ್ತಿದಳು. ಶಾಯಿಯ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು, "ನೀವೊಬ್ರೇ ಆಫೀಸಿಗೆ ಹೋದ್ರೆ ಅವ್ರು ನಂಬಾಕಿಲ್ಲ. ನಾವೂ ಬತ್ತೀವಿ" ಎಂದಳು.

ಹೇಳಿದ ಹಾಗೇ ಮಾರನೇ ದಿನ ಐದು ಜನ ತಾಯಂದಿರು ನನ್ನ ಜೊತೆ ಮಧುಗಿರಿಯ ಶಿಕ್ಷಣ ಇಲಾಖೆಯ ಕಚೇರಿಗೆ ಬಂದರು. ಅವರ ಜೊತೆ ಹಟ್ಟಿಯಾಕೆಯ ಮಾವನೂ ಬಂದಿದ್ದ. ಹಟ್ಟಿಯ ಹಿರಿಯರ ಹಾಗೆ ಅರ್ಧ ತೆಲುಗು, ಅರ್ಧ ಕನ್ನಡ ಆಡುವ ಮುದುಕ. ತಲೆಗೆ ಟವೆಲ್ ಸುತ್ತಿಕೊಂಡು ಬಸ್ಸಿನಲ್ಲಿ ಕೂತಿದ್ದ.

ಕಚೇರಿಯ ಅಧಿಕಾರಿ ಒಳ್ಳೆಯವರು. ನಮ್ಮ ಹಾಳೆಗಳನ್ನು ನೋಡಿ ನಗು ತಡೆದುಕೊಂಡರು. "ಏನ್ ಮೇಡಂ, ಕರಡಿ ಅಂತ ಬರೆದಿದ್ದೀರಿ! ಮೇಲಿನವರು ಕೇಳಿದರೆ ನಾನೇನು ಹೇಳಲಿ? ಇದಕ್ಕೆ ದಾಖಲೆ ಏನಾದರೂ ಲಗತ್ತಿಸಬೇಕಲ್ಲ?"

ನಾನು ಬ್ಯಾಗು ತಡಕುತ್ತಿದ್ದೆ. ಮುದುಕ ಎದ್ದು ಮೇಜಿನ ಹತ್ತಿರ ಹೋಗಿ ಟವೆಲ್ ಬಿಚ್ಚಿದ. ಹಣೆಯಿಂದ ನೆತ್ತಿಯವರೆಗೆ ಚರ್ಮ ಸುಕ್ಕುಗಟ್ಟಿ ಕೂಡಿಕೊಂಡಿತ್ತು. ಎಡಗಿವಿ ಇರಲಿಲ್ಲ.

"ಎಲುಗುಬಂಟಿ ಕೆಲ್ಸ ಸಾಮಿ" ಎಂದ, ಕರಡಿಗೆ ತನ್ನ ತೆಲುಗಿನ ಹೆಸರು ಹೇಳಿ. "ಇದ್ನೂ ಅದ್ರ ಜತೆ ಪಿನ್ನು ಹೊಡ್ಕಳಿ."

ಅಧಿಕಾರಿ ಎದ್ದು ನಿಂತರು. ಮುದುಕನಿಗೆ ಕುರ್ಚಿ ಕೊಟ್ಟು, ನೀರು ತರಿಸಿ, ನಮ್ಮೆದುರೇ ಶಿಫಾರಸು ಬರೆದರು. ಹಾಗೆ ಬರೆದ ಅವರಿಗೂ ನಾನು ಋಣಿ.

ಮಂಜೂರಾಗಿ ಬರುವುದಕ್ಕೆ ದೀಪಾವಳಿ ಕಳೆಯಿತು. ಸೀತಾಫಲ ಅಲ್ಲಿಯವರೆಗೆ ಕಾಯುತ್ತದೆಯೇ? ಸೆಪ್ಟೆಂಬರಿನಲ್ಲೇ ಡೇರಿಯ ಮುಂದೆ ಮತ್ತೆ ಮಾತಾಯಿತು. ದುಡ್ಡು ಬರುವಾಗ ಬರಲಿ, ನಾಳೆಯಿಂದಲೇ ಒಬ್ಬರು ಹೊರಡಬೇಕು, ಯಾರು ಎಂದಾಗ ಮುದುಕನೇ ಮುಂದೆ ಬಂದ.

"ಕರಡಿಗೂ ನಂಗೂ ಪರಿಚಯ ಐತೆ" ಎಂದ.

ಎಲ್ಲ ನಕ್ಕರೂ ನನಗೆ ಎದೆ ತುಂಬಿ ಬಂತು. ಮಾರನೇ ದಿನದಿಂದ ಖಾಲಿ ಎಣ್ಣೆ ಡಬ್ಬವನ್ನು ಕೋಲಿನಿಂದ ಬಡಿಯುತ್ತ ಮುದುಕ ಮುಂದೆ, ಏಳು ಮಕ್ಕಳು ಹಿಂದೆ. ಡಬ್ಬದ ಸದ್ದು ಬೆಟ್ಟದ ತಿರುವಿನಲ್ಲಿ ಕೇಳಿಸಿತೆಂದರೆ ನಮ್ಮ ಅಡುಗೆಯಾಕೆ ಮಕ್ಕಳಿಗೆ ಹಾಲು ಕಾಯಿಸಲು ಇಡುತ್ತಿದ್ದಳು. ಸಂಜೆ ಅದೇ ಸದ್ದು ವಾಪಸ್ಸು ಹೋಗುತ್ತಿತ್ತು. ಅಷ್ಟು ಗಲಾಟೆಗೆ ಕರಡಿ ಒಂದು ದಿನವೂ ಇತ್ತ ಸುಳಿಯಲಿಲ್ಲ. ಆ ವರ್ಷ ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ಒಂದೇ ಒಂದು ಗೈರು ಇತ್ತು. ಅದೂ ಜ್ವರಕ್ಕೆ. ನಾನು ಅವಳನ್ನು ಕರೆದು, ತರಗತಿಯ ಎದುರಿಗೇ, ಹೋದ ವರ್ಷ ನೀನು ಹೇಳಿದ್ದು ನಿಜ, ನಾನು ನಕ್ಕಿದ್ದು ತಪ್ಪು ಎಂದು ಹೇಳಿದೆ. ಅವಳು ಬೆಂಚಿನ ಕೆಳಗೆ ಬಗ್ಗಿ ಪೆನ್ಸಿಲ್ ಹುಡುಕಿದಳು. ಈಗ ಮಿಡಿಗೇಶಿಯಲ್ಲಿ ಹೈಸ್ಕೂಲಿಗೆ ಹೋಗುತ್ತಾಳೆ. ಒಮ್ಮೊಮ್ಮೆ ಬಸ್ಸಿನಲ್ಲಿ ಸಿಕ್ಕಿ ನನಗೆ ಸೀಟು ಬಿಟ್ಟುಕೊಡುತ್ತಾಳೆ.

ಅಂದಿನಿಂದ ನಮ್ಮ ಶಾಲೆಯ ಯೋಜನೆ ತಯಾರಾಗುವುದು ಡೇರಿಯ ಮುಂದೆಯೇ. ಹಾಲು ಹಾಕಿ ಮುಗಿದ ಮೇಲೆ ಅರ್ಧ ಗಂಟೆ ಯಾರೂ ಕದಲುವುದಿಲ್ಲ. ನಾನು ಓದುತ್ತೇನೆ, ಅವರು ತಡೆಯುತ್ತಾರೆ, ನಾನು ಹೊಡೆದುಹಾಕಿ ಬರೆಯುತ್ತೇನೆ. ಎಷ್ಟು ಸಲ ಹೊಡೆದುಹಾಕಿಸಿದರೂ ನನಗೆ ಕೋಪ ಬರುವುದಿಲ್ಲ ಎಂದರೆ ನಮ್ಮ ಮನೆಯವರು ನಂಬುವುದಿಲ್ಲ.

ಈ ವರ್ಷದ ಕೊನೆಗೆ ನನ್ನ ನಿವೃತ್ತಿ. ಮೊನ್ನೆ ಕೊನೆಯ ಯೋಜನೆ ಓದಿದೆ. ಎಲ್ಲ ಮುಗಿದು ಶಾಯಿಯ ಪ್ಯಾಡು ಮುಂದಿಟ್ಟಾಗ ಹಟ್ಟಿಯಾಕೆ ಕೈ ಚಾಚಲಿಲ್ಲ. ಆಕೆಯ ಮಗಳು ನಮ್ಮ ಶಾಲೆ ಬಿಟ್ಟರೂ ಮಗ ಇನ್ನೂ ನಮ್ಮಲ್ಲಿದ್ದಾನೆ, ಆಕೆ ಇನ್ನೂ ಸಮಿತಿಯಲ್ಲಿದ್ದಾಳೆ.

"ಇನ್ನೊಂದು ಬರ್ಕಳಿ ಮೇಡಂ. ನಿಮ್ಮ ಜಾಗಕ್ಕೆ ಯಾರೇ ಬರ್ಲಿ, ಇಲ್ಲಿಗೇ ಬಂದು ಎಲ್ಲಾನೂ ನಮ್ಗೆ ಓದಿ ಹೇಳ್ಬೇಕು ಅಂತ."

"ಅದಕ್ಕೆ ಕಾಲಂ ಇಲ್ಲವಲ್ಲಮ್ಮ" ಎಂದೆ.

"ಕರಡಿಗೆ ಇತ್ತಾ?"

ಬರೆದೆ. ಬರೆದದ್ದನ್ನು ಓದಿ ಹೇಳಿದೆ. ಆಮೇಲೆ ಆಕೆ ಹೆಬ್ಬೆಟ್ಟು ಒತ್ತಿದಳು.