ಹದಿಮೂರು ದಿನ ನಾನು ಹೇಳಿದ್ದು

ಅಣ್ಣ ತೀರಿಕೊಂಡ ಹಿಂದಿನ ದಿನ ಭಾನುವಾರ. ಬೆಳಿಗ್ಗೆ ನಾವಿಬ್ಬರೂ ನೆರೂಳಿನ ಮಾರ್ಕೆಟ್ಟಿಗೆ ಬಂಗುಡೆ ತರಲು ಹೋಗಿದ್ದೆವು. ನಾನು ಆರಿಸಿದ ಮೀನುಗಳನ್ನು ಅವನು ಒಂದೊಂದಾಗಿ ಎತ್ತಿ ವಾಪಸು ಬುಟ್ಟಿಗೆ ಹಾಕಿದ.

"ಕಣ್ಣು ಬೆಳ್ಳಗಾಗಿದೆ, ಕಾಣುವುದಿಲ್ಲವಾ?"

"ಮೀನಿನದ್ದಾ, ನನ್ನದ್ದಾ?"

"ಇಬ್ಬರದ್ದೂ. ಕನ್ನಡಕ ಹಾಕಿ ಎಂತ ನೋಡುವುದು ನೀನು, ಮಾರಾಯ?"

ಚೀಲ ಎತ್ತುವಾಗ ಮೀನಿನ ನೀರು ಅವನ ಅಂಗಿಗೆ ಹಾರಿತು. ಅತ್ತಿಗೆ ಬೈಯುತ್ತಾರೆಂದು ದಾರಿಯುದ್ದಕ್ಕೂ ಒರೆಸಿಕೊಳ್ಳುತ್ತಿದ್ದ.

ಮರುದಿನ ಬೆಳಿಗ್ಗೆ ಇಬ್ಬರೂ ಬೇಲಾಪುರದ ನಮ್ಮ ನಮ್ಮ ಆಫೀಸಿಗೆ ಹೊರಟಿದ್ದೆವು. ಸ್ಟೇಶನ್ನಿನ ಎದುರು ರಸ್ತೆ ದಾಟುವಾಗ ಅವನು ನಾಲ್ಕು ಹೆಜ್ಜೆ ಮುಂದಿದ್ದ. ನಾನು ಜೇಬಿನಲ್ಲಿ ರೈಲಿನ ಪಾಸು ಹುಡುಕುತ್ತಿದ್ದೆ. ಒಂದು ಟೆಂಪೊ ಅವನಿಗೆ ಹೊಡೆದು ನಿಲ್ಲದೆ ಹೋಯಿತು. ಮಧ್ಯಾಹ್ನದೊಳಗೆ ಅಣ್ಣ ಇರಲಿಲ್ಲ.

ನಮ್ಮಲ್ಲಿ ಸಾವಿನ ಮನೆಗೆ ಬಂದವರು ಕುಳಿತ ಕೂಡಲೇ "ಹೇಗಾಯಿತು?" ಎಂದು ಕೇಳುತ್ತಾರೆ. ಕೇಳದಿರುವುದು ಮರ್ಯಾದೆಯಲ್ಲ, ಹೇಳದಿರುವುದೂ ಅಲ್ಲ. ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜದವರೆಗೂ ಠಾಣೆ, ಡೊಂಬಿವಲಿ, ಕಲ್ಯಾಣದಿಂದ ಊರಿನವರು ಬರುತ್ತಲೇ ಇದ್ದರು. ಅತ್ತಿಗೆ ಪ್ರತಿಯೊಬ್ಬರಿಗೂ ನನ್ನನ್ನು ತೋರಿಸುತ್ತಿದ್ದರು. "ಇವನು ಕಣ್ಣಾರೆ ನೋಡಿದವ. ಹೇಳು."

ನಾನು ಹೇಳುತ್ತಿದ್ದೆ. ಮೊದಲ ದಿನ ನನ್ನಲ್ಲಿ ಇದ್ದದ್ದು ಒಂದು ಸದ್ದು, ಒಂದು ಟೆಂಪೊ, ಅಷ್ಟೇ. ಸ್ಟೇಶನ್ನಿನ ಬೀಡಾ ಅಂಗಡಿಯವನು ಗಾಡಿಯ ಮೇಲೆ ನೀಲಿ ತಾಡಪಾಲು ಕಂಡನಂತೆ ಎಂದು ಕೆಳಗಿನ ಮನೆಯವರು ಹೇಳಿದರು. ಮರುದಿನ ನನ್ನ ಮಾತಿನಲ್ಲೂ ನೀಲಿ ತಾಡಪಾಲು ಬಂತು. "ಡ್ರೈವರ್ ಗಡ್ಡದವನಾ?" ಎಂದು ಯಾರೋ ಕೇಳಿದರು. ಅದರ ಮರುದಿನ ಅವನಿಗೆ ಗಡ್ಡ ಬಂದಿತ್ತು. ಅಣ್ಣ ಹಸಿರು ಚೌಕಳಿ ಅಂಗಿಯಲ್ಲಿದ್ದ, ಬಿದ್ದಲ್ಲಿಂದ ಒಂದು ಕೈ ಎತ್ತಿದ ಎನ್ನುತ್ತಿದ್ದೆ. ಹೇಳುತ್ತಾ ಹೇಳುತ್ತಾ ತಡವರಿಕೆ ಹೋಯಿತು. ತಡವರಿಸದೆ ಬಂದದ್ದನ್ನೆಲ್ಲ ನೆನಪು ಎಂದುಕೊಂಡೆ. "ಎಷ್ಟು ಸರಿಯಾಗಿ ನೋಡಿದ್ದಾನೆ, ಪಾಪ" ಎನ್ನುತ್ತಿದ್ದರು ಬಂದವರು. ಪೊಲೀಸರಿಗೂ ಹಾಗೆಯೇ ಬರೆಸಿದೆ.

ಬೊಜ್ಜದ ಮರುದಿನ ಪೊಲೀಸ್ ಚೌಕಿಯಿಂದ ಫೋನ್ ಬಂತು. ಗಾಡಿ ಸಿಕ್ಕಿದೆ, ಬಂದು ಗುರುತಿಸಬೇಕು. ಹೊರಡುವ ಹೊತ್ತಿಗೆ ಅತ್ತಿಗೆ ಒಂದು ಅಂಗಿ ಹಿಡಿದು ಕುಳಿತಿದ್ದರು. ಹಸಿರು ಚೌಕಳಿ.

"ಭಾನುವಾರದ್ದು. ಮೀನಿನ ವಾಸನೆ ಹೊಡೀತದೆ. ಆದ್ರೆ ಅವರ ವಾಸನೆಯೂ ಉಂಟಲ್ಲ, ಒಗೀಲಿಕ್ಕೆ ಮನಸ್ಸು ಬರಲಿಲ್ಲ."

"ಹಾಗಾದ್ರೆ ಸೋಮವಾರ ಅಣ್ಣ ಯಾವುದು ಹಾಕಿದ್ದ, ಅತ್ತಿಗೆ?"

ಅವರು ಅಂಗಿಯನ್ನೇ ನೋಡಿದರು. "ನಾನು ಅಡುಗೆಮನೆಯಲ್ಲಿದ್ದೆ. ಹಸಿರು ಅಂತ ನೀನೇ ಹೇಳಿದ್ದಲ್ಲ?"

ಆಸ್ಪತ್ರೆಯಿಂದ ಬಂದ ಬಟ್ಟೆಯ ಗಂಟನ್ನು ಬಿಚ್ಚದೆ ಅಣ್ಣನ ಜೊತೆಗೇ ಸುಟ್ಟಿದ್ದೆವು.

ಚೌಕಿಯ ಅಂಗಳದಲ್ಲಿ ನೀಲಿ ತಾಡಪಾಲಿನ ಟೆಂಪೊ ನಿಂತಿತ್ತು. ಪಕ್ಕದಲ್ಲಿ ಗಡ್ಡದ ಡ್ರೈವರ್. "ಯಹೀ ಹೈ ನಾ?" ಇದೇ ತಾನೆ ಎಂದು ಕೇಳುತ್ತಾ ಹವಾಲ್ದಾರ ಆಗಲೇ ಪೆನ್ನು ತೆಗೆದಿದ್ದ. ನನ್ನ ಬಾಯಲ್ಲಿ ಹೌದು ಎಂಬ ಮಾತು ಸಿದ್ಧವಾಗಿಯೇ ಇತ್ತು. ಜೊತೆಗೆ ಬಂದಿದ್ದ ಅತ್ತಿಗೆ "ಹೇಳು" ಎಂದು ನನ್ನ ಮುಖ ನೋಡಿದರು. ನಮ್ಮ ಕನ್ನಡ ಕೇಳಿ ಡ್ರೈವರ್ ಒಂದು ಹೆಜ್ಜೆ ಮುಂದೆ ಬಂದ.

"ಅಣ್ಣಾರ, ನಾ ಕಲಬುರಗಿ ಕಡೆಯಂವ. ಅವತ್ತು ಐರೋಲ್ಯಾಗ ಸಿಮೆಂಟ್ ಚೀಲ ಇಳಸಾಕ ಹತ್ತಿದ್ದೆರಿ. ನಿಮ್ಮ ಕಣ್ಣಿಲೆ ನನ್ನ ನೋಡೀರೇನ್ರಿ?"

ಅವತ್ತು ನನ್ನ ಕಣ್ಣು ಜೇಬಿನ ಮೇಲಿತ್ತು. "ಗೊತ್ತಿಲ್ಲ" ಎಂದೆ. ಹವಾಲ್ದಾರ ಎರಡು ಸಲ ಕೇಳಿದ. ಎರಡು ಸಲವೂ ಅದನ್ನೇ ಹೇಳಿ ಸಹಿ ಹಾಕಿದೆ.

ವಾಪಸು ಬರುವಾಗ ರಿಕ್ಷಾದಲ್ಲಿ ಅತ್ತಿಗೆ ಹೊರಗೆ ನೋಡುತ್ತಲೇ ಕೇಳಿದರು: "ಹದಿಮೂರು ದಿನ ಎಲ್ಲರ ಎದುರು ಹೇಳಿದವ, ಅಲ್ಲಿ ಮಾತ್ರ ಬಾಯಿ ಕಟ್ಟಿತಾ ನಿನಗೆ?"

ಆಮೇಲೆ ಅವರು ಆ ವಿಷಯ ತೆಗೆಯಲಿಲ್ಲ. ನನ್ನ ತಟ್ಟೆಗೆ ಬಡಿಸುತ್ತಾರೆ, ಆದರೆ ಎದುರು ಕೂರುವುದಿಲ್ಲ.

ಈಗಲೂ ದಿನಾ ಬೆಳಿಗ್ಗೆ ಆ ರಸ್ತೆ ದಾಟುವ ಮೊದಲು ನಿಲ್ಲುತ್ತೇನೆ. ಜೇಬಿಗೆ ಕೈ ಹಾಕುತ್ತೇನೆ, ತಲೆ ಎತ್ತುತ್ತೇನೆ, ಮತ್ತೆ ಕೈ ಹಾಕುತ್ತೇನೆ. ಲೋಕಲ್ ಒಂದು ಹೋಗುತ್ತದೆ, ಇನ್ನೊಂದು ಹೋಗುತ್ತದೆ. ಪ್ರತಿ ಸಲವೂ ಅಣ್ಣ ಹಸಿರು ಅಂಗಿಯಲ್ಲೇ ರಸ್ತೆಗೆ ಇಳಿಯುತ್ತಾನೆ. ಅದು ತಪ್ಪು ಎಂದು ಗೊತ್ತಿದ್ದೂ ಬೇರೆ ಅಂಗಿ ಬರುವುದಿಲ್ಲ.

ಅಣ್ಣನಿಗೆ ಹೊಡೆದ ಗಾಡಿ ಇನ್ನೂ ಸಿಕ್ಕಿಲ್ಲ. ಸೋಮವಾರ ಅಣ್ಣ ಯಾವ ಅಂಗಿ ಹಾಕಿದ್ದ ಎಂಬುದೂ ಸಿಕ್ಕಿಲ್ಲ.